ಮೃಚ್ಛಕಟಿಕದ ವ್ಯವಹಾರಾಂಕ: ಒಂದು ಆರೋಪದ ಪರಿಶೀಲನೆ

೧

ಸಂಸ್ಕೃತ ನಾಟಕಗಳಲ್ಲಿ ನ್ಯಾಯಸ್ಥಾನದ ಕಲಾಪವನ್ನು ಆದಿಯಿಂದ ಅಂತ್ಯದವರೆಗೆ ರಂಗದ ಮೇಲೆ ತಂದು ತೋರಿಸುವ ಕೃತಿಗಳು ವಿರಳ. ಶೂದ್ರಕನ ‘ಮೃಚ್ಛಕಟಿಕ’ವು ಅಂಥ ವಿರಳ ಕೃತಿಗಳಲ್ಲೊಂದು. ಅದರ ಹತ್ತು ಅಂಕಗಳ ಪೈಕಿ ಒಂಬತ್ತನೆಯದಕ್ಕೆ ‘ವ್ಯವಹಾರ’ವೆಂದೇ ಹೆಸರು. ವ್ಯವಹಾರವೆಂದರೆ ಇಲ್ಲಿ ನ್ಯಾಯಸ್ಥಾನದಲ್ಲಿ ನಡೆಯುವ ವಿವಾದದ ವಿಚಾರಣೆ. ಉಜ್ಜಯಿನಿಯ ಅಧಿಕರಣಮಂಟಪಕ್ಕೆ ಒಂದು ಕೊಲೆಯ ದೂರು ಬರುತ್ತದೆ, ಸಾಕ್ಷಿಗಳನ್ನು ಕರೆಸಲಾಗುತ್ತದೆ, ಆಪಾದಿತನನ್ನು ಪ್ರಶ್ನಿಸಲಾಗುತ್ತದೆ, ನಿರ್ಣಯವಾಗುತ್ತದೆ, ಅರಸನ ಆಜ್ಞೆಯೂ ಬರುತ್ತದೆ. ನ್ಯಾಯಾಧೀಶನು ಪೀಠದಿಂದ ಏಳುವ ಮೊದಲೇ ನಿರಪರಾಧಿಯೊಬ್ಬನಿಗೆ ಶೂಲದ ಶಿಕ್ಷೆ ನಿಶ್ಚಯವಾಗಿರುತ್ತದೆ. ಸತ್ತಳೆಂದು ಹೇಳಲಾದ ವಸಂತಸೇನೆಯು ಬದುಕಿರುವಳೆಂಬುದು ಎಂಟನೆಯ ಅಂಕವನ್ನು ನೋಡಿದ ಪ್ರೇಕ್ಷಕರಿಗೆಲ್ಲ ತಿಳಿದಿರುತ್ತದೆ. ನ್ಯಾಯಸ್ಥಾನಕ್ಕೆ ಮಾತ್ರ ತಿಳಿಯದು.

ಈ ಅಂಕವನ್ನು ಸಾಹಿತ್ಯವಿಮರ್ಶಕರು ಕರುಣರಸದ ದೃಷ್ಟಿಯಿಂದ ಓದುತ್ತಾರೆ. ಚರಿತ್ರಕಾರರು ಅಧಿಕರಣಿಕ, ಶ್ರೇಷ್ಠಿ, ಕಾಯಸ್ಥ, ಶೋಧನಕ ಮೊದಲಾದ ಪದಗಳನ್ನು ಇದರಿಂದ ಆಯ್ದುಕೊಂಡು ಪ್ರಾಚೀನ ನ್ಯಾಯಾಡಳಿತದ ಚಿತ್ರವನ್ನು ಕಟ್ಟುತ್ತಾರೆ. ನಾವೂ ತರಗತಿಯಲ್ಲಿ ಕೆಲವು ವರ್ಷ ಹೀಗೆಯೇ ಪಾಠ ಹೇಳುತ್ತ ಬಂದೆವು. ನ್ಯಾಯಾಧೀಶನು ಅಂಜಿದನು, ಅರಸನು ದುಷ್ಟನು, ರಾಜಶ್ಯಾಲಕನು ಪ್ರಬಲನು. ಆದಕಾರಣ ಚಾರುದತ್ತನು ಬಲಿಯಾದನು ಎಂಬುದೇ ನಮ್ಮ ವಿವರಣೆಯ ಸಾರವಾಗಿತ್ತು. ಒಮ್ಮೆ ವಿದ್ಯಾರ್ಥಿಯೊಬ್ಬನು ಎದ್ದು, “ಚಾರುದತ್ತನ ಮೇಲೆ ಕೊಲೆಯ ಆರೋಪವನ್ನು ಹೊರಿಸಿದ್ದು ಯಾವ ಘಟ್ಟದಲ್ಲಿ? ಅದನ್ನು ಅವನಿಗೆ ಓದಿ ಹೇಳಿದವರು ಯಾರು?” ಎಂದು ಕೇಳಿದನು. ಆಗ ನಮಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಅಂಕವನ್ನು ಮತ್ತೆ ಓದಿದಾಗ, ಉತ್ತರವು ನಮಗೆ ಹೊಳೆಯದಿದ್ದುದಕ್ಕೆ ಕಾರಣವು ನಾಟಕದಲ್ಲಿಯೇ ಇದೆಯೆಂದು ಕಂಡಿತು. ಅಂಥ ಘಟ್ಟವು ಆ ವಿಚಾರಣೆಯಲ್ಲಿ ಬರುವುದೇ ಇಲ್ಲ.

ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಬಯಸುವುದು ಇಷ್ಟೆ. ಚಾರುದತ್ತನ ದುರಂತಕ್ಕೆ ನ್ಯಾಯಾಧೀಶನ ಭಯ, ಅರಸನ ಕ್ರೌರ್ಯ ಇವು ಕಾರಣಗಳು ಹೌದು. ಆದರೆ ಅವೆರಡಕ್ಕಿಂತ ಮೊದಲಿನದು, ಆರೋಪವನ್ನು ಸರಿಯಾಗಿ ರೂಪಿಸದೆ ವಿಚಾರಣೆಯನ್ನು ಮುಂದುವರಿಸಿದ್ದು. ಮೊದಲ ಹೆಜ್ಜೆ ತಪ್ಪಿದುದರಿಂದ, ಆಮೇಲೆ ಬಂದ ಸತ್ಯವಾದ ಸಾಕ್ಷ್ಯಗಳೂ ಅಸತ್ಯದ ಪಕ್ಷಕ್ಕೇ ಬಲ ಕೊಟ್ಟುವು.

೨

ವಿಷಯಕ್ಕೆ ಬರುವ ಮೊದಲು ಆಧಾರಗಳ ವಿಚಾರವಾಗಿ ಒಂದೆರಡು ಮಾತು ಅವಶ್ಯಕ. ಶೂದ್ರಕನ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಐಕಮತ್ಯವಿಲ್ಲ. ಭಾಸನದೆಂದು ಹೇಳಲಾಗುವ ‘ಚಾರುದತ್ತ’ ನಾಟಕದಲ್ಲಿ ಇದೇ ಕಥೆಯ ಪೂರ್ವಭಾಗವಿದೆ. ಆದರೆ ದೊರೆತಿರುವ ಆ ನಾಟಕಕ್ಕೆ ನಾಲ್ಕೇ ಅಂಕಗಳು; ನ್ಯಾಯಸ್ಥಾನದ ಪ್ರಸಂಗವು ಅದರಲ್ಲಿಲ್ಲ. ಆದುದರಿಂದ ವ್ಯವಹಾರಾಂಕವನ್ನು ನಮಗೆ ತಿಳಿದಮಟ್ಟಿಗೆ ಶೂದ್ರಕನ ಕಾಣಿಕೆಯೆಂದೇ ಭಾವಿಸಬೇಕಾಗಿದೆ.

ಈ ಚಿತ್ರವು ಕೇವಲ ಕಲ್ಪನೆಯೆ ಎಂಬ ಸಂದೇಹವು ಸಹಜ. ನ್ಯಾಯಾಧೀಶನ ಪಕ್ಕದಲ್ಲಿ ವರ್ತಕರ ಮುಖ್ಯಸ್ಥನಾದ ಶ್ರೇಷ್ಠಿಯೂ ಲೇಖಕನಾದ ಕಾಯಸ್ಥನೂ ಕುಳಿತುಕೊಳ್ಳುವುದನ್ನು ನಾಟಕದಲ್ಲಿ ಕಾಣುತ್ತೇವೆ. ದಿನಾಜಪುರ ಪ್ರಾಂತದ ದಾಮೋದರಪುರದಲ್ಲಿ ದೊರೆತ ಗುಪ್ತರ ಕಾಲದ ತಾಮ್ರಶಾಸನಗಳಲ್ಲಿ, ಕೋಟಿವರ್ಷದ ಅಧಿಕರಣದೊಳಗೆ ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ ಎಂಬವರು ಇದ್ದರೆಂದು ಹೇಳಿದೆ. ಇವುಗಳಲ್ಲಿ ಒಂದು ಗುಪ್ತವರ್ಷ ೧೨೪ರದು, ಎಂದರೆ ಕ್ರಿ. ಶ. ೪೪೩–೪೪ರದು. ಆ ಶಾಸನಗಳ ವಿಷಯ ಭೂಮಿಯ ವಿಕ್ರಯವೇ ಹೊರತು ಕೊಲೆಯಲ್ಲ. ಆದರೂ ಇಂಥ ಅಧಿಕರಣಗಳು ನಿಜವಾಗಿ ಇದ್ದುವೆಂಬುದಕ್ಕೆ ಅವು ಸಾಕ್ಷಿ. ಶೂದ್ರಕನು ತಾನು ಕಂಡು ಕೇಳಿದ ಸಂಸ್ಥೆಯೊಂದನ್ನು ಎದುರಿಗಿಟ್ಟುಕೊಂಡೇ ಬರೆದಿರಬೇಕೆಂದು ಊಹಿಸಲು ಇದು ಅವಕಾಶ ಕೊಡುತ್ತದೆ.

ಅಳತೆಗೋಲಾಗಿ ನಾವು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನೂ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ಇಟ್ಟುಕೊಂಡಿದ್ದೇವೆ. ಇವೆರಡರಲ್ಲಿಯೂ ಕನ್ನಡನಾಡಿಗೆ ಸಂಬಂಧವುಂಟು. ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಮೈಸೂರಿನಿಂದ ಮೊದಲ ಬಾರಿಗೆ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು. ವಿಜ್ಞಾನೇಶ್ವರನು ನಾಟಕಕಾರನಿಗಿಂತ ಈಚಿನವನಾದುದರಿಂದ ಅವನ ವ್ಯಾಖ್ಯಾನವನ್ನು ನಾವು ವರ್ಗೀಕರಣದ ಸೌಕರ್ಯಕ್ಕೆ ಮಾತ್ರ ಬಳಸುತ್ತೇವೆ. ಅವನ ಪ್ರಕಾರ ವ್ಯವಹಾರಕ್ಕೆ ನಾಲ್ಕು ಪಾದಗಳು: ವಾದಿಯ ಹೇಳಿಕೆಯಾದ ಭಾಷಾ, ಪ್ರತಿವಾದಿಯ ಉತ್ತರ, ಪ್ರಮಾಣಗಳನ್ನು ತರುವ ಕ್ರಿಯಾ, ಕಡೆಯದಾಗಿ ಸಾಧ್ಯಸಿದ್ಧಿ ಅಥವಾ ನಿರ್ಣಯ. ಈ ನಾಲ್ಕು ಪಾದಗಳ ಕ್ರಮದಲ್ಲಿಯೇ ಚಾರುದತ್ತನ ವಿಚಾರಣೆಯನ್ನು ಪರೀಕ್ಷಿಸೋಣ.

ಕಥೆಯ ಪೂರ್ವಭಾಗವನ್ನು ಸಂಕ್ಷೇಪವಾಗಿ ನೆನಪಿಗೆ ತಂದುಕೊಳ್ಳಬೇಕು. ಬಡತನಕ್ಕೆ ಬಿದ್ದ ಸಜ್ಜನ ಚಾರುದತ್ತ. ಅವನನ್ನು ಪ್ರೀತಿಸಿದ ಗಣಿಕೆ ವಸಂತಸೇನೆ. ಅವಳನ್ನು ಬಯಸಿ ತಿರಸ್ಕೃತನಾದ ಸಂಸ್ಥಾನಕ. ಈ ಸಂಸ್ಥಾನಕನೇ ಶಕಾರ. ಉಜ್ಜಯಿನಿಯ ಅರಸ ಪಾಲಕನ ಭಾವಮೈದುನ. ಬಂಡಿಗಳು ಅದಲುಬದಲಾಗಿ ವಸಂತಸೇನೆಯು ಶಕಾರನ ಬಂಡಿಯನ್ನೇರಿ ಪುಷ್ಪಕರಂಡಕವೆಂಬ ಉದ್ಯಾನಕ್ಕೆ ಹೋಗುತ್ತಾಳೆ. ಚಾರುದತ್ತನ ಬಂಡಿಯಲ್ಲಿ ಸೆರೆಮನೆಯಿಂದ ತಪ್ಪಿಸಿಕೊಂಡ ಆರ್ಯಕನು ಅಡಗುತ್ತಾನೆ. ದಾರಿಯಲ್ಲಿ ಬಂಡಿಯನ್ನು ತಡೆದ ಇಬ್ಬರು ಕಾವಲುಗಾರರಲ್ಲಿ ಚಂದನಕನು ಆರ್ಯಕನನ್ನು ಗುರುತಿಸಿಯೂ ಬಿಟ್ಟುಬಿಡುತ್ತಾನೆ. ತಾನೂ ನೋಡಬೇಕೆಂದ ವೀರಕನನ್ನು ಒದೆಯುತ್ತಾನೆ. ಅತ್ತ ಉದ್ಯಾನದಲ್ಲಿ ಶಕಾರನು ವಸಂತಸೇನೆಯ ಕೊರಳನ್ನು ಹಿಸುಕಿ, ಸತ್ತಳೆಂದು ತಿಳಿದು ಎಲೆಗಳಿಂದ ಮುಚ್ಚಿ, ಮರುದಿನ ನ್ಯಾಯಸ್ಥಾನಕ್ಕೆ ತಾನೇ ಹೋಗುತ್ತಾನೆ.

೩

ಮೊದಲನೆಯದು ಭಾಷಾಪಾದ. ಯಾಜ್ಞವಲ್ಕ್ಯನ ವಿಧಿ ಸ್ಪಷ್ಟವಾಗಿದೆ. ವಾದಿಯು ನಿವೇದಿಸಿದ್ದನ್ನು ನಿವೇದಿಸಿದಂತೆಯೇ, ಪ್ರತಿವಾದಿಯ ಸಮ್ಮುಖದಲ್ಲಿ, ವರ್ಷ ಮಾಸ ಪಕ್ಷ ದಿನಗಳನ್ನೂ ಹೆಸರು ಜಾತಿ ಮೊದಲಾದ ಗುರುತುಗಳನ್ನೂ ಸೇರಿಸಿ ಬರೆಯಬೇಕು. ಈ ವಿಧಿಯಲ್ಲಿ ಮೂರು ಅಂಶಗಳಿವೆ: ಹೇಳಿದಂತೆ ಬರೆಯುವುದು, ಎದುರಾಳಿಯ ಮುಂದೆ ಬರೆಯುವುದು, ನಿರ್ದಿಷ್ಟವಾಗಿ ಬರೆಯುವುದು. ವ್ಯವಹಾರಾಂಕದಲ್ಲಿ ಮೂರೂ ಭಂಗವಾಗುತ್ತವೆ.

ದೂರು ಒಳಕ್ಕೆ ಬರುವ ರೀತಿಯೇ ವಿಚಾರಣೀಯ. ಶಕಾರನು ಕಾರ್ಯಾರ್ಥಿಯಾಗಿ ಬಂದಿರುವನೆಂದು ಶೋಧನಕನು ತಿಳಿಸಿದಾಗ ಅಧಿಕರಣಿಕನು ಅದನ್ನು ಅಪಶಕುನವೆಂದು ಬಗೆದು, ಈ ದಿನ ನಿನ್ನ ವ್ಯವಹಾರವನ್ನು ನೋಡಲಾಗದೆಂದು ಹೇಳಿಕಳುಹಿಸುತ್ತಾನೆ. ಅರಸನಿಗೂ ಅಕ್ಕನಿಗೂ ತಾಯಿಗೂ ಹೇಳಿ ನಿನ್ನನ್ನು ತೆಗೆಸಿ ಬೇರೊಬ್ಬನನ್ನು ಕೂರಿಸುತ್ತೇನೆಂದು ಶಕಾರನು ಗದರಿಸುತ್ತಾನೆ. ಕೂಡಲೇ ಅನುಮತಿ ದೊರೆಯುತ್ತದೆ. ಇದನ್ನೇ ನಾವು ಇದುವರೆಗೆ ನ್ಯಾಯಾಧೀಶನ ಹೇಡಿತನವೆಂದು ಬೋಧಿಸಿದೆವು. ಆದರೆ ದೂರನ್ನು ಸ್ವೀಕರಿಸಿದ್ದರಲ್ಲಿ ತಪ್ಪಿಲ್ಲವೆಂದು ಈಗ ನಮಗೆ ತೋರುತ್ತದೆ. ಕೊಲೆಯ ದೂರನ್ನು ಶಕುನದ ನೆಪದಿಂದ ಹೊರಗಿಡುವುದೇ ಅನುಚಿತವಾಗುತ್ತಿತ್ತು. ತಪ್ಪು ಇರುವುದು ಸ್ವೀಕರಿಸಿದ ಮೇಲೆ ಆದ ನಡೆವಳಿಕೆಯಲ್ಲಿ.

ಶಕಾರನು ಹೇಳುವುದೇನು? ಅರಸನು ತನಗೆ ಕೊಟ್ಟ ಉದ್ಯಾನದಲ್ಲಿ ಹೆಂಗಸೊಬ್ಬಳ ಹೆಣವನ್ನು ಕಂಡೆ, ಅವಳು ವಸಂತಸೇನೆ, ಯಾವನೋ ಒಬ್ಬ ದುಷ್ಟನು ಹಣದಾಸೆಯಿಂದ ಅವಳ ಕೊರಳನ್ನು ಹಿಸುಕಿದ್ದಾನೆ. ಇಲ್ಲಿ ಅವನ ಬಾಯಿಂದ ‘ನಾನಲ್ಲ’ ಎಂಬ ಅರ್ಥದ ಮಾತು ಜಾರಿ ಬೀಳುತ್ತದೆ. ಅವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಯಾರೂ ಕೇಳದಿರುವಾಗ ಹೊರಟ ನಿರಾಕರಣೆಯ ಬೆಲೆಯನ್ನು ಅಧಿಕರಣಿಕನು ಒಡನೆಯೇ ಅರಿಯುತ್ತಾನೆ. ಅದನ್ನು ವ್ಯವಹಾರದ ಮೊದಲ ಅಂಶವಾಗಿ ಬರೆದುಕೊಳ್ಳಲು ಆಜ್ಞಾಪಿಸುತ್ತಾನೆ. ಕಾಯಸ್ಥನು ಬರೆಯುತ್ತಾನೆ. ಶಕಾರನು ತಾನು ಕೆಟ್ಟೆನೆಂದು ತಿಳಿದು, ‘ನಾನು ಕಂಡದ್ದು ಮಾತ್ರ’ ಎಂಬರ್ಥದಲ್ಲಿ ಮಾತನ್ನು ತಿರುಗಿಸಿ, ಬರೆದುದನ್ನು ಕಾಲಿನಿಂದ ಒರಸಿಬಿಡುತ್ತಾನೆ. ಯಾರೂ ಅವನನ್ನು ತಡೆಯುವುದಿಲ್ಲ. ಅಧಿಕರಣಿಕನು ಮುಂದಿನ ಪ್ರಶ್ನೆಗೆ ಹೋಗುತ್ತಾನೆ.

ಕಾಲಿನಿಂದ ಒರಸುವುದನ್ನು ರಂಗದ ಹಾಸ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ವಾದಿಯ ಹೇಳಿಕೆಯನ್ನು ಮೊದಲು ಬಳಪದಿಂದ ಹಲಗೆಯ ಮೇಲೆ ಬರೆದು, ಶುದ್ಧಪಡಿಸಿದ ಮೇಲೆ ಪತ್ರಕ್ಕೆ ಏರಿಸಬೇಕೆಂದು ಕಾತ್ಯಾಯನನ ಮತ. ಪ್ರತಿವಾದಿಯ ಉತ್ತರ ಬರುವವರೆಗೆ ವಾದಿಯು ತನ್ನ ಹೇಳಿಕೆಯನ್ನು ತಿದ್ದಿಕೊಳ್ಳಬಹುದೆಂಬುದೂ ಶಾಸ್ತ್ರಸಮ್ಮತ. ಅಶಿಕ್ಷಿತನಾದ ವಾದಿಗೆ ಅನುಕೂಲವಾಗಲೆಂದು ಇಟ್ಟ ಈ ಅವಕಾಶವನ್ನೇ ಶಕಾರನು ದುರುಪಯೋಗಪಡಿಸಿಕೊಳ್ಳುತ್ತಾನೆ. ಅರ್ಥಶಾಸ್ತ್ರಕಾರನಿಗೆ ಈ ಅಪಾಯವು ತಿಳಿದಿತ್ತು. ಹೇಳಿದ್ದನ್ನು ಬರೆಯದ, ಹೇಳದ್ದನ್ನು ಬರೆಯುವ, ತಪ್ಪಾಗಿ ಹೇಳಿದ್ದನ್ನು ಸರಿಪಡಿಸಿ ಬರೆಯುವ, ಸರಿಯಾಗಿ ಹೇಳಿದ್ದನ್ನು ಕೆಡಿಸಿ ಬರೆಯುವ ಲೇಖಕನಿಗೆ ಅವನು ದಂಡವನ್ನು ವಿಧಿಸುತ್ತಾನೆ. ಇಲ್ಲಿ ಕೆಡಿಸಿದವನು ಲೇಖಕನಲ್ಲ, ವಾದಿ. ಅಂಥ ಸಂದರ್ಭವನ್ನು ಕೌಟಿಲ್ಯನ ಆ ವಿಧಿಯು ಮುಟ್ಟುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಮೊದಲ ಹೇಳಿಕೆಯಲ್ಲಿ ಶಕಾರನು ಕೊಲೆಗಾರನ ಹೆಸರನ್ನು ಹೇಳುವುದೇ ಇಲ್ಲ. ವಸಂತಸೇನೆಯ ತಾಯಿಯನ್ನು ಕರೆಸಿದವನು ಅಧಿಕರಣಿಕ. ಮಗಳು ಯಾರ ಮನೆಗೆ ಹೋಗಿದ್ದಳೆಂದು ಕೇಳಿದವನೂ ಅವನೇ. ಆಕೆ ಸಂಕೋಚದಿಂದ ಚಾರುದತ್ತನ ಹೆಸರನ್ನು ಹೇಳಿದ ಕೂಡಲೇ ಶಕಾರನು, ಇವನೊಡನೆಯೇ ತನ್ನ ವಿವಾದವೆಂದು ಕೂಗುತ್ತಾನೆ. ಸ್ನೇಹಿತನೆಂದ ಮಾತ್ರಕ್ಕೆ ದೋಷವಿಲ್ಲವೆಂದು ಶ್ರೇಷ್ಠಿಯೂ ಕಾಯಸ್ಥನೂ ಹೇಳುತ್ತಾರೆ. ಆದರೆ ಆ ಮಾತು ಅಲ್ಲಿಯೇ ನಿಲ್ಲುತ್ತದೆ. ಆಕೆ ಚಾರುದತ್ತನ ಮನೆಗೆ ಹೋದಳೆಂಬುದನ್ನು ವ್ಯವಹಾರದ ಮೊದಲ ಪಾದವಾಗಿ ಬರೆಯಿಸಲಾಗುತ್ತದೆ. ಒರಸಿಹೋದ ‘ನಾನಲ್ಲ’ ಎಂಬ ಮಾತಿದ್ದ ಸ್ಥಾನಕ್ಕೆ ಈಗ ಚಾರುದತ್ತನ ಹೆಸರು ಬಂದಿತು. ಶಕಾರನು ಅರ್ಧ ಕಟ್ಟಿದ ಆರೋಪವನ್ನು ನ್ಯಾಯಸ್ಥಾನವೇ ಅರಿಯದೆ ಪೂರ್ತಿಮಾಡಿತೆಂದರೆ ತಪ್ಪಾಗಲಾರದು. ಇಷ್ಟೆಲ್ಲ ನಡೆಯುವಾಗ ಪ್ರತಿವಾದಿಯು ಮಂಟಪದಲ್ಲಿರಲಿಲ್ಲ.

೪

ಎರಡನೆಯದು ಉತ್ತರಪಾದ. ಉತ್ತರವು ನಾಲ್ಕು ಬಗೆಯೆಂದು ಶಾಸ್ತ್ರಕಾರರು ಹೇಳುತ್ತಾರೆ: ಒಪ್ಪಿಕೊಳ್ಳುವುದು, ನಿರಾಕರಿಸುವುದು, ಒಪ್ಪಿಯೂ ಬೇರೊಂದು ಕಾರಣವನ್ನು ಮುಂದಿಡುವುದು, ಇದು ಹಿಂದೆಯೇ ನಿರ್ಣಯವಾಗಿದೆಯೆನ್ನುವುದು. ಈ ನಾಲ್ಕರಲ್ಲಿ ಯಾವುದನ್ನು ಹೇಳಬೇಕಾದರೂ ಆರೋಪವೇನೆಂಬುದು ಮೊದಲು ತಿಳಿದಿರಬೇಕು. ಚಾರುದತ್ತನನ್ನು ಗೌರವದಿಂದ ಕರೆಸಲಾಗುತ್ತದೆ. ಕುಳಿತುಕೊಳ್ಳಲು ಆಸನ ಕೊಡಲಾಗುತ್ತದೆ. ಕೇಳುವ ಮೊದಲ ಪ್ರಶ್ನೆ ಕೊಲೆಯನ್ನು ಕುರಿತದ್ದಲ್ಲ. ಈ ಹೆಂಗಸಿನ ಮಗಳೊಡನೆ ನಿನಗೆ ಸ್ನೇಹವುಂಟೆ ಎಂಬುದು. ಕುಲೀನನೂ ಗೃಹಸ್ಥನೂ ಆದವನು ಗಣಿಕೆಯ ಸ್ನೇಹವನ್ನು ತುಂಬಿದ ಸಭೆಯಲ್ಲಿ ಒಪ್ಪಿಕೊಳ್ಳುವಾಗ ನಾಚುತ್ತಾನೆ. ಆಕೆ ಎಲ್ಲಿದ್ದಾಳೆ ಎಂದರೆ ಮನೆಗೆ ಹೋದಳೆನ್ನುತ್ತಾನೆ. ಹೇಗೆ, ಯಾರೊಡನೆ ಎಂದರೆ ಮಾತು ತಡವರಿಸುತ್ತದೆ.

ಈ ತಡವರಿಕೆಯ ಕಾರಣವನ್ನು ವಿಮರ್ಶಕರು ನಾಚಿಕೆಯಲ್ಲಿ ಮಾತ್ರ ಕಾಣುತ್ತಾರೆ. ನಮಗೆ ಇನ್ನೊಂದು ಕಾರಣವೂ ತೋರುತ್ತದೆ. ಇದು ನಮ್ಮ ಊಹೆಯೆಂದು ಸ್ಪಷ್ಟಪಡಿಸುತ್ತೇವೆ. ವಸಂತಸೇನೆಯನ್ನು ಕರೆತರಬೇಕಾಗಿದ್ದ ಬಂಡಿಯಲ್ಲಿ ಬಂದವನು ಆರ್ಯಕ. ಏಳನೆಯ ಅಂಕದಲ್ಲಿ ಚಾರುದತ್ತನು ಅವನ ಸಂಕೋಲೆಯನ್ನು ತೆಗೆಯಿಸಿ, ಅಭಯವಿತ್ತು ಅದೇ ಬಂಡಿಯಲ್ಲಿ ಕಳುಹಿಸಿದ್ದಾನೆ. ಬಂಡಿಯ ಕಥೆಯನ್ನು ಬಿಚ್ಚಿದರೆ ಶರಣಾಗತನಿಗೆ ದ್ರೋಹವಾಗುತ್ತದೆ. ಬಿಚ್ಚದಿದ್ದರೆ ತನ್ನ ಮೇಲಣ ಸಂದೇಹ ಬಲಿಯುತ್ತದೆ. ನಿರಪರಾಧಿಯೂ ಮೌನವಾಗಿರಲು ಗೌರವಯುತವಾದ ಕಾರಣಗಳಿರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯಲಾರದು.

ಶಾಸ್ತ್ರವು ಇಲ್ಲಿ ಆಪಾದಿತನಿಗೆ ನೆರವಾಗುತ್ತಿತ್ತೆ? ಈ ಪ್ರಶ್ನೆಗೆ ನಿಷ್ಪಕ್ಷಪಾತವಾಗಿ ಉತ್ತರ ಹೇಳಬೇಕು. ಸಾಹಸ, ಕಳವು, ಪಾರುಷ್ಯ ಮೊದಲಾದ ವಿವಾದಗಳಲ್ಲಿ ಉತ್ತರವನ್ನು ತತ್‌ಕ್ಷಣವೇ ಪಡೆಯಬೇಕು, ಇತರ ವಿವಾದಗಳಲ್ಲಿ ಮಾತ್ರ ಇಚ್ಛಾನುಸಾರ ಕಾಲಾವಕಾಶ ಕೊಡಬಹುದು ಎಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಸಾಲದ ವ್ಯಾಜ್ಯದವನಿಗೆ ದೊರೆಯುವ ಅವಕಾಶವು ಪ್ರಾಣಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ ದೊರೆಯದು. ಇಷ್ಟೇ ಅಲ್ಲದೆ, ದುಷ್ಟನನ್ನು ಗುರುತಿಸುವ ಚಿಹ್ನೆಗಳನ್ನು ಅದೇ ಅಧ್ಯಾಯದಲ್ಲಿ ಕೊಟ್ಟಿದೆ: ನಿಂತಲ್ಲಿ ನಿಲ್ಲದಿರುವುದು, ಕಟವಾಯಿ ನೆಕ್ಕುವುದು, ಹಣೆ ಬೆವರುವುದು, ಮುಖದ ಬಣ್ಣ ಬದಲಾಗುವುದು, ಬಾಯಿ ಒಣಗಿ ಮಾತು ತಡವರಿಸುವುದು. ಈ ಚಿಹ್ನೆಗಳು ಅಪರಾಧಿಯಲ್ಲಿ ಕಾಣುವಷ್ಟೇ ಅವಮಾನಿತನಾದ ಸಜ್ಜನನಲ್ಲಿಯೂ ಕಾಣುತ್ತವೆ. ಅಧಿಕರಣಿಕನು ಚಾರುದತ್ತನ ಮುಖವನ್ನು ನೋಡಿ, ಇಂಥವನು ಕೆಟ್ಟದನ್ನು ಮಾಡಲಾರನೆಂದು ಮೊದಲು ನಂಬುತ್ತಾನೆ. ಆಮೇಲೆ ಅವನ ತಡವರಿಕೆಯನ್ನು ನೋಡಿ ಸಂದೇಹಪಡುತ್ತಾನೆ. ಎರಡೂ ಮುಖವನ್ನೇ ನಂಬಿದ ತೀರ್ಮಾನಗಳು.

ಕಡೆಗೆ ಉತ್ತರವು ಬರುವುದು ಹೇಗೆ? ನಿಜವನ್ನು ಹೇಳದಿದ್ದರೆ ಕೊರಡೆಗಳು ನಿನ್ನ ಸುಕುಮಾರವಾದ ಮೈಮೇಲೆ ಬೀಳುವುವೆಂದು ಅಧಿಕರಣಿಕನೇ ಎಚ್ಚರಿಸುತ್ತಾನೆ. ವಸಂತಸೇನೆ ಸತ್ತಮೇಲೆ ಬದುಕಿ ಫಲವೇನೆಂದು ಜಿಗುಪ್ಸೆಗೊಂಡ ಚಾರುದತ್ತನು ವಾಕ್ಯವೊಂದನ್ನು ಆರಂಭಿಸಿ, ಉಳಿದುದನ್ನು ಇವನೇ ಹೇಳುವನೆಂದು ಶಕಾರನ ಕಡೆ ತೋರಿಸುತ್ತಾನೆ. ‘ಕೊಂದೆ’ ಎಂಬ ಕ್ರಿಯಾಪದವನ್ನು ಕೂಡಿಸುವವನು ಶಕಾರ. ವಾದಿಯು ಆರಂಭಿಸಿದ ಆರೋಪವನ್ನು ನ್ಯಾಯಸ್ಥಾನವು ಪೂರ್ತಿಮಾಡಿತು. ಆಪಾದಿತನು ಆರಂಭಿಸಿದ ಉತ್ತರವನ್ನು ವಾದಿಯು ಪೂರ್ತಿಮಾಡಿದನು. ಇದನ್ನು ಒಪ್ಪಿಗೆಯೆಂದು ದಾಖಲೆ ಮಾಡಿದುದು ಈ ವಿಚಾರಣೆಯ ಎರಡನೆಯ ಮಹಾದೋಷ.

೫

ಮೂರನೆಯದಾದ ಕ್ರಿಯಾಪಾದದಲ್ಲಿ ಪ್ರಮಾಣಗಳನ್ನು ನೋಡಬೇಕು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಶಕಾರನೊಬ್ಬನ ಹೊರತು ಯಾವ ಸಾಕ್ಷಿಯೂ ಸುಳ್ಳು ಹೇಳುವುದಿಲ್ಲ. ಮಗಳು ಚಾರುದತ್ತನ ಮನೆಗೆ ಹೋಗಿದ್ದಳೆಂದು ತಾಯಿ ಹೇಳುವುದು ನಿಜ. ಚಂದನಕನು ತನ್ನನ್ನು ಒದೆದನೆಂದು ಬೇರೆಯೇ ದೂರನ್ನು ತಂದ ವೀರಕನು, ಚಾರುದತ್ತನ ಬಂಡಿಯಲ್ಲಿ ವಸಂತಸೇನೆಯನ್ನು ಪುಷ್ಪಕರಂಡಕಕ್ಕೆ ಕರೆದೊಯ್ಯುತ್ತಿರುವುದಾಗಿ ಬಂಡಿಯವನು ಹೇಳಿದನೆನ್ನುವುದೂ ನಿಜ. ವಸಂತಸೇನೆಯ ಆಭರಣಗಳು ವಿದೂಷಕ ಮೈತ್ರೇಯನ ಕಂಕುಳಿನಿಂದ ಸಭೆಯಲ್ಲಿ ಕೆಳಕ್ಕೆ ಬಿದ್ದುದೂ ನಿಜ. ಮಣ್ಣಿನ ಬಂಡಿಗಾಗಿ ಅತ್ತ ಮಗುವಿಗೆ ಆಕೆ ಕೊಟ್ಟಿದ್ದ ಆ ಒಡವೆಗಳನ್ನು ಹಿಂದಿರುಗಿಸಲು ಅವನು ಹೊರಟಿದ್ದನು. ಉದ್ಯಾನದಲ್ಲಿ ಹೆಂಗಸಿನ ಹೆಣವೊಂದು ಇದ್ದುದೂ ನಿಜ. ಅದು ಮರ ಬಿದ್ದು ಸತ್ತ ಬೇರೊಬ್ಬಳದು. ಹೀಗೆ ನಾಲ್ಕು ನಿಜಗಳು ಕೂಡಿ ಒಂದು ಸುಳ್ಳಿಗೆ ನಾಲ್ಕು ಕಂಬಗಳಾದುವು. ಯಾವ ಪ್ರಶ್ನೆಗೆ ಉತ್ತರವಾಗಿ ಇವನ್ನು ಕೇಳಬೇಕೆಂಬುದೇ ಮೊದಲು ತಪ್ಪಾಗಿದ್ದುದರಿಂದ ಹೀಗಾಯಿತು.

ಕೇಳಬೇಕಾಗಿದ್ದ ಮೊದಲ ಪ್ರಶ್ನೆ, ಸತ್ತವಳು ಯಾರು ಎಂಬುದು. ಅಧಿಕರಣಿಕನು ವೀರಕನನ್ನು ಕುದುರೆಯ ಮೇಲೆ ಕಳುಹಿಸುತ್ತಾನೆ. ಅವನು ಹೋಗಿ, ಕಾಡುಮೃಗಗಳು ತಿಂದು ಉಳಿಸಿದ ಕೂದಲು, ಕೈ, ಕಾಲುಗಳಿಂದ ಅದು ಹೆಂಗಸಿನ ದೇಹವೆಂದು ಅರಿತು ಬಂದು ಹೇಳುತ್ತಾನೆ. ಹೆಂಗಸಿನದು ಎಂಬುದರಿಂದ ವಸಂತಸೇನೆಯದು ಎಂಬುದಕ್ಕೆ ನ್ಯಾಯಸ್ಥಾನವು ಒಂದೇ ನೆಗೆತದಲ್ಲಿ ಹೋಗುತ್ತದೆ. ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಆಕಸ್ಮಿಕವಾಗಿ ಸತ್ತವರ ಪರೀಕ್ಷೆಗೆ ಒಂದು ಪ್ರಕರಣವೇ ಮೀಸಲಾಗಿದೆ. ಹೆಣಕ್ಕೆ ಎಣ್ಣೆ ಹಚ್ಚಿ ಪರೀಕ್ಷಿಸಬೇಕೆಂದೂ, ಕೊರಳು ಬಿಗಿದು ಸತ್ತವರ, ನೀರಿನಲ್ಲಿ ಸತ್ತವರ, ವಿಷದಿಂದ ಸತ್ತವರ ಚಿಹ್ನೆಗಳು ಇಂಥಿಂಥವೆಂದೂ ಅಲ್ಲಿ ವಿವರಿಸಿದೆ. ಆ ತಿಳಿವಳಿಕೆಯು ದೇಶದಲ್ಲಿತ್ತು. ಉಜ್ಜಯಿನಿಯ ಈ ಮಂಟಪದಲ್ಲಿ ಅದನ್ನು ಬಳಸಿದವರಿಲ್ಲ.

ಆಭರಣಗಳನ್ನು ತೋರಿಸಿದಾಗ, ಇವು ಹಾಗೆಯೇ ಕಾಣುತ್ತವೆ, ಆದರೆ ಅವೇ ಅಲ್ಲವೆಂದು ತಾಯಿ ಹೇಳುತ್ತಾಳೆ. ಅಳಿಯನಂತಿರುವವನನ್ನು ಉಳಿಸಿಕೊಳ್ಳಲು ಆಕೆ ಆಡಿದ ಈ ಸಂದಿಗ್ಧವಾದ ಮಾತನ್ನು ಚಾರುದತ್ತನೇ ತನ್ನ ಸತ್ಯನಿಷ್ಠೆಯಿಂದ ವ್ಯರ್ಥಮಾಡಿ, ಅವು ವಸಂತಸೇನೆಯವೇ ಎನ್ನುತ್ತಾನೆ. ಕರೆಸದೆ ಬಿಟ್ಟ ಸಾಕ್ಷಿಗಳ ವಿಚಾರವಂತೂ ಇನ್ನೂ ಆಶ್ಚರ್ಯಕರ. ಚಾರುದತ್ತನ ಬಂಡಿಯನ್ನು ಹೊಡೆದ ವರ್ಧಮಾನಕನ ಮಾತನ್ನು ವೀರಕನ ಬಾಯಿಂದ ಕೇಳಿದ ನ್ಯಾಯಸ್ಥಾನವು ವರ್ಧಮಾನಕನನ್ನೇ ಕರೆಸಲಿಲ್ಲ. ಶಕಾರನ ಬಂಡಿಯ ಸ್ಥಾವರಕನು ಎಲ್ಲವನ್ನೂ ಬಲ್ಲವನು. ಅವನನ್ನು ಶಕಾರನು ಸಂಕೋಲೆ ತೊಡಿಸಿ ತನ್ನ ಪ್ರಾಸಾದದಲ್ಲಿ ಕೂಡಿಹಾಕಿದ್ದನು. ಬೇರೆ ಸಾಕ್ಷಿಗಳಿಲ್ಲದಲ್ಲಿ ದಾಸನ ಸಾಕ್ಷ್ಯವನ್ನೂ ತೆಗೆದುಕೊಳ್ಳಬಹುದೆಂದು ಮನುವು ಅನುಮತಿಸಿದ್ದಾನೆ. ಆದರೆ ಹತ್ತನೆಯ ಅಂಕದಲ್ಲಿ ಸ್ಥಾವರಕನು ಮೇಲಿನಿಂದ ಧುಮುಕಿ ಬಂದು ನಿಜವನ್ನು ಕೂಗಿ ಹೇಳಿದಾಗ, ಇವನು ನನ್ನ ಚಿನ್ನ ಕದ್ದು ಪೆಟ್ಟು ತಿಂದ ಸೇವಕನೆಂದು ಶಕಾರನು ಹೇಳಿದ ಒಂದು ಮಾತಿನಿಂದ ಆ ಸಾಕ್ಷ್ಯವು ಬಿದ್ದುಹೋಗುತ್ತದೆ. ವಿಧಿಯು ಪುಸ್ತಕದಲ್ಲಿತ್ತು, ದಾಸನ ಮಾತನ್ನು ನಂಬುವ ಅಭ್ಯಾಸವು ಸಮಾಜದಲ್ಲಿರಲಿಲ್ಲ.

೬

ನಾಲ್ಕನೆಯದು ನಿರ್ಣಯ. ನಿರ್ಣಯಿಸುವ ಅಧಿಕಾರವು ತಮ್ಮದು, ಉಳಿದುದು ಅರಸನದು ಎಂಬ ಅಭಿಪ್ರಾಯವನ್ನು ಅಧಿಕರಣಿಕನು ಹೇಳುತ್ತಾನೆ. ಬ್ರಾಹ್ಮಣನನ್ನು ವಧಿಸದೆ ಸ್ವತ್ತಿನೊಡನೆ ದೇಶದಿಂದ ಹೊರಡಿಸಬೇಕೆಂಬ ಮನುವಿನ ವಿಧಿಯನ್ನು ಜ್ಞಾಪಿಸಿ ಅರಸನಿಗೆ ಹೇಳಿಕಳುಹಿಸುತ್ತಾನೆ. ಒಂದೇ ಅಪರಾಧಕ್ಕೆ ಜಾತಿಯನ್ನು ನೋಡಿ ಬೇರೆಬೇರೆ ಶಿಕ್ಷೆ ವಿಧಿಸುವ ಆ ನಿಯಮವನ್ನು ನಾವು ಸಮರ್ಥಿಸಲಾರೆವು. ಅರಸ ಪಾಲಕನು ಅದನ್ನು ಮೀರಿದ್ದು ಸಮತೆಯ ದೃಷ್ಟಿಯಿಂದಲ್ಲ. ಆಭರಣಗಳನ್ನು ಕೊರಳಿಗೆ ಕಟ್ಟಿ, ಡಂಗುರ ಹೊಡೆಯಿಸಿ, ದಕ್ಷಿಣ ಶ್ಮಶಾನದಲ್ಲಿ ಶೂಲಕ್ಕೇರಿಸಿರೆಂಬ ಆಜ್ಞೆಯನ್ನು ವಿಚಾರಣೆಯ ಒಂದು ಅಕ್ಷರವನ್ನೂ ನೋಡದೆ ಕಳುಹಿಸಿದನು. ತಪ್ಪಾಗಿ ನಿರ್ಣಯವಾದ ವ್ಯವಹಾರಗಳನ್ನು ಅರಸನು ಪುನಃ ನೋಡಬೇಕೆಂದೂ, ರಾಗ ಲೋಭ ಭಯಗಳಿಂದ ಶಾಸ್ತ್ರವನ್ನು ಮೀರಿದ ಸಭ್ಯರನ್ನು ದಂಡಿಸಬೇಕೆಂದೂ ಯಾಜ್ಞವಲ್ಕ್ಯನು ಹೇಳುತ್ತಾನೆ. ಪಾಲಕನು ಶಿಕ್ಷೆಯನ್ನು ಮಾತ್ರ ನೋಡಿದನು, ನಿರ್ಣಯವನ್ನು ನೋಡಲಿಲ್ಲ.

ನಿರ್ಣಯದ ಸಮಯದಲ್ಲಿ ವಸಂತಸೇನೆಯ ತಾಯಿ ಆಡುವ ಮಾತು ವಿಶೇಷವಾಗಿ ವಿಚಾರಣೀಯ. ಮಗಳು ಸತ್ತಿದ್ದರೆ ಸತ್ತಳು, ಇವನಾದರೂ ಬದುಕಲಿ. ವಿವಾದವು ವಾದಿಪ್ರತಿವಾದಿಗಳದು, ಇಲ್ಲಿ ವಾದಿಯಾಗಬೇಕಾದವಳು ನಾನು. ಆದುದರಿಂದ ಇವನನ್ನು ಬಿಡಿರಿ ಎಂಬುದು ಅವಳ ವಾದದ ಸಾರ. ಆಕೆಯನ್ನು ಹೊರಗೆ ಕಳುಹಿಸಲಾಗುತ್ತದೆ. ಈ ದೂರನ್ನು ತರಲು ಅರ್ಹರು ಯಾರೆಂಬ ಪ್ರಶ್ನೆಯನ್ನು ಆ ಸಭೆಯಲ್ಲಿ ಎತ್ತಿದವಳು ಆಕೆಯೊಬ್ಬಳೇ. ಕೊಲೆಯು ಸಮಾಜದ ವಿರುದ್ಧವಾದ ಅಪರಾಧವಾದುದರಿಂದ ಬಂಧುಗಳ ಕ್ಷಮೆಯಿಂದ ಅದು ಮುಗಿಯಲಾರದೆಂಬುದು ನಿಜ. ಆದರೆ ದೂರನ್ನು ತಂದವನಿಗೆ ಸತ್ತವಳೊಡನೆ ಏನು ಸಂಬಂಧ, ಅವನ ಉದ್ಯಾನದಲ್ಲಿಯೇ ಹೆಣ ದೊರೆತದ್ದು ಹೇಗೆ ಎಂದು ವಿಚಾರಿಸುವುದಕ್ಕೆ ಆಕೆಯ ಮಾತು ದಾರಿ ತೋರಿಸಿತ್ತು. ವಿಷ, ನೀರು, ತಕ್ಕಡಿ, ಬೆಂಕಿಗಳ ದಿವ್ಯಪರೀಕ್ಷೆಯನ್ನಾದರೂ ನಡೆಸದೆ ಶತ್ರುವಿನ ಮಾತಿನಿಂದಲೇ ತನ್ನನ್ನು ಕೊಲ್ಲುತ್ತಿದ್ದಾರೆಂದು ಚಾರುದತ್ತನು ಕಡೆಯಲ್ಲಿ ಆಕ್ಷೇಪಿಸುತ್ತಾನೆ. ದಿವ್ಯಗಳಲ್ಲಿ ನಮಗೆ ನಂಬಿಕೆಯಿಲ್ಲ. ಆದರೂ ಅವನ ಆಕ್ಷೇಪದ ತಿರುಳು ವಿಧಿಲೋಪದ ಮೇಲಣ ಆಕ್ಷೇಪವೇ ಆಗಿದೆ.

೭

ನಮ್ಮ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಮರೆಮಾಚುವುದು ಸರಿಯಲ್ಲ. ಇದು ನಾಟಕ, ನಾಯಕನು ವಧ್ಯಸ್ಥಾನಕ್ಕೆ ಹೋಗದಿದ್ದರೆ ಹತ್ತನೆಯ ಅಂಕವೇ ಇಲ್ಲ, ಕವಿಯು ಕಥೆಗಾಗಿ ಕಲ್ಪಿಸಿದ ಲೋಪಗಳನ್ನು ನ್ಯಾಯಪದ್ಧತಿಯ ಲೋಪಗಳೆಂದು ಎಣಿಸುವುದು ಹೇಗೆ ಎಂದು ಕೇಳಬಹುದು. ಈ ಆಕ್ಷೇಪವು ಅರ್ಧ ಸರಿ. ಈ ಒಂದು ಅಂಕದಿಂದ ಉಜ್ಜಯಿನಿಯ ನ್ಯಾಯಸ್ಥಾನಗಳೆಲ್ಲ ಹೀಗಿದ್ದುವೆಂದು ಹೇಳಲಾಗದು. ಆದರೆ ಕವಿಯು ಲೋಪಗಳನ್ನು ಎಲ್ಲಿಟ್ಟನೆಂಬುದು ಆಕಸ್ಮಿಕವಲ್ಲ. ನ್ಯಾಯಾಧೀಶನನ್ನು ಲಂಚಕೋರನನ್ನಾಗಿ, ಸಾಕ್ಷಿಗಳನ್ನು ಸುಳ್ಳುಗಾರರನ್ನಾಗಿ ಮಾಡಿ ಕಥೆಯನ್ನು ಸುಲಭವಾಗಿ ಸಾಗಿಸಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಕಕ್ಷಿಗಾರರು ನಿಜವನ್ನು ಮುಚ್ಚಿಡುವಾಗ ನಿರ್ಣಯವು ಎಷ್ಟು ಕಷ್ಟವೆಂಬುದನ್ನು ಬಲ್ಲ, ವಾಕ್ಯವನ್ನು ಅನುಸರಿಸಿದ ವಿಚಾರವೇ ಬೇರೆ, ವಸ್ತುಸ್ಥಿತಿಯನ್ನು ಅನುಸರಿಸಿದ ವಿಚಾರವೇ ಬೇರೆಯೆಂದು ವಿವೇಚಿಸಬಲ್ಲ ನ್ಯಾಯಾಧೀಶನನ್ನು ಪೀಠದಲ್ಲಿ ಕೂರಿಸಿದನು. ಇಂಥವನ ಕೈಯಲ್ಲಿಯೂ ವಿಚಾರಣೆ ಕೆಡುವುದಾದರೆ ಕೇಡು ವ್ಯಕ್ತಿಗಿಂತ ಕ್ರಮದಲ್ಲಿದೆಯೆಂದು ಪ್ರೇಕ್ಷಕನು ತಿಳಿಯಬೇಕೆಂಬುದೇ ಅವನ ಇಂಗಿತವಾಗಿರಬೇಕು.

ಈ ಓದಿನಿಂದ ಇಂದಿನವರಿಗೆ ಪ್ರಯೋಜನವುಂಟೆ? ಭಾರತದಲ್ಲಿ ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿದೆ. ಅದರ ೧೭೩ನೆಯ ಪ್ರಕರಣದಂತೆ, ಪೊಲೀಸು ಠಾಣೆಯಲ್ಲಿ ಬಾಯಿಮಾತಿನಿಂದ ಕೊಟ್ಟ ವರ್ತಮಾನವನ್ನು ಬರೆದುಕೊಂಡು, ಕೊಟ್ಟವನಿಗೆ ಓದಿ ಹೇಳಿ, ಅವನ ರುಜು ಪಡೆದು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ತನಿಖೆಯಾಗಿ ಪೊಲೀಸರ ವರದಿ ಬಂದ ಮೇಲೆಯೂ ಆರೋಪವು ತಾನಾಗಿಯೇ ನಿಲ್ಲುವುದಿಲ್ಲ. ಸಾಕಷ್ಟು ಆಧಾರವಿಲ್ಲದಿದ್ದರೆ ನ್ಯಾಯಾಲಯವು ಆಪಾದಿತನನ್ನು ಆ ಹಂತದಲ್ಲಿಯೇ ಬಿಡಬೇಕು. ಆಧಾರವಿದ್ದರೆ ಅಪರಾಧವನ್ನೂ ಕಾಲ, ಸ್ಥಳ, ವ್ಯಕ್ತಿಗಳನ್ನೂ ನಮೂದಿಸಿ ದೋಷಾರೋಪಣೆಯನ್ನು ಬರೆದು, ಓದಿ ವಿವರಿಸಿ, ಒಪ್ಪುವೆಯಾ ಎಂದು ಕೇಳಬೇಕು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಆಪಾದಿತನನ್ನು ಬಲಾತ್ಕರಿಸಲಾಗದೆಂದು ಸಂವಿಧಾನದ ೨೦ನೆಯ ಅನುಚ್ಛೇದವು ಹೇಳುತ್ತದೆ. ಸೆಷನ್ಸ್ ನ್ಯಾಯಾಲಯವು ವಿಧಿಸಿದ ಮರಣದಂಡನೆಯು ಉಚ್ಚ ನ್ಯಾಯಾಲಯದ ಸ್ಥಿರೀಕರಣವಿಲ್ಲದೆ ಜಾರಿಯಾಗದು. ಈ ನಿಯಮಗಳ ಪಟ್ಟಿಯನ್ನು ವ್ಯವಹಾರಾಂಕದ ಪಕ್ಕದಲ್ಲಿಟ್ಟು ನೋಡಿದರೆ, ಒಂದೊಂದು ನಿಯಮವೂ ಆ ಮಂಟಪದಲ್ಲಿ ನಡೆದ ಒಂದೊಂದು ಲೋಪಕ್ಕೆ ಪರಿಹಾರದಂತೆ ಕಾಣುತ್ತದೆ.

ಆದರೆ ಇದರಿಂದ ಹಿಂದಿನವರು ಅಜ್ಞರು, ನಾವು ಸುರಕ್ಷಿತರು ಎಂಬ ತೀರ್ಮಾನಕ್ಕೆ ಬರಲಾಗದು. ಹೇಳಿದಂತೆ ಬರೆಯಬೇಕು, ಎದುರಿನಲ್ಲಿ ಬರೆಯಬೇಕು, ನಿರ್ದಿಷ್ಟವಾಗಿ ಬರೆಯಬೇಕು ಎಂಬ ಮೂರು ಸೂತ್ರಗಳೂ ಯಾಜ್ಞವಲ್ಕ್ಯನಲ್ಲಿದ್ದುವು. ಅವು ಇದ್ದೂ ಚಾರುದತ್ತನಿಗೆ ಒದಗಲಿಲ್ಲವೆಂಬುದೇ ನಾಟಕದ ಪಾಠ. ಆದುದರಿಂದ ಸ್ಮೃತಿವಚನಗಳನ್ನು ಉದಾಹರಿಸಿ ಪ್ರಾಚೀನ ನ್ಯಾಯವು ಹೀಗಿತ್ತೆಂದು ಬರೆಯುವ ಚರಿತ್ರಕಾರನೂ, ಸಂಹಿತೆಯ ಪ್ರಕರಣಗಳನ್ನು ಉದಾಹರಿಸಿ ಇಂದಿನ ನ್ಯಾಯವು ಹೀಗಿದೆಯೆನ್ನುವವನೂ ಮಾಡುವ ತಪ್ಪು ಒಂದೇ. ನಿಯಮವು ಯಾರ ಕೈಯಲ್ಲಿ, ಯಾರ ಎದುರಿನಲ್ಲಿ, ಯಾವ ಕ್ಷಣದಲ್ಲಿ ಬಳಕೆಗೆ ಬಂದಿತೆಂದು ವಿಚಾರಿಸಬೇಕು.

ಚಾರುದತ್ತನನ್ನು ಉಳಿಸಿದ್ದು ಯಾವ ನ್ಯಾಯಸ್ಥಾನವೂ ಅಲ್ಲ. ಬೌದ್ಧ ಭಿಕ್ಷುವು ಬದುಕಿಸಿದ ವಸಂತಸೇನೆಯು ವಧ್ಯಸ್ಥಾನಕ್ಕೆ ಓಡಿಬಂದಳು. ಆರ್ಯಕನು ಪಾಲಕನನ್ನು ಕೊಂದು ಅರಸನಾದನು. ಶಕಾರನು ಶರಣುಬಂದಾಗ ಚಾರುದತ್ತನು ಅವನನ್ನು ಕ್ಷಮಿಸಿ ಬಿಡಿಸುತ್ತಾನೆ. ಕಳ್ಳನಲ್ಲದವನನ್ನು ಕಳ್ಳನೆಂದವನಿಗೆ ಕಳ್ಳನ ಶಿಕ್ಷೆಯೆಂದು ಕೌಟಿಲ್ಯನು ವಿಧಿಸಿದ್ದರೂ, ಈ ಸುಳ್ಳು ದೂರಿನ ವಿಚಾರಣೆಯು ಎಂದೂ ನಡೆಯುವುದಿಲ್ಲ. ಕ್ಷಮೆಯು ಚಾರುದತ್ತನ ಶೀಲಕ್ಕೆ ಭೂಷಣ. ಅಧಿಕರಣಮಂಟಪದ ದಾಖಲೆಯಾದರೋ ತಿದ್ದುಪಡಿಯಾಗದೆ ಹಾಗೆಯೇ ಉಳಿಯಿತು.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಚಾರುದತ್ತನ ಮೇಲೆ ಆರೋಪವನ್ನು ಯಾರೂ ಪೂರ್ಣವಾಗಿ ಹೊರಿಸಲಿಲ್ಲ. ಯಾರೂ ಅವನಿಗೆ ಓದಿ ಹೇಳಲಿಲ್ಲ. ಆದಕಾರಣವೇ ಅದನ್ನು ಅಲ್ಲಗಳೆಯುವುದು ಅವನಿಗೆ ಸಾಧ್ಯವಾಗಲಿಲ್ಲ. ನಮ್ಮ ಪಾಠವನ್ನು ನಾವು ಈ ಪ್ರಕಾರ ತಿದ್ದಿಕೊಂಡಿದ್ದೇವೆ. ಈ ಅಂಕವನ್ನು ಬೋಧಿಸುವ ಇತರ ಉಪಾಧ್ಯಾಯರು ಅರಸನ ಕ್ರೌರ್ಯಕ್ಕೆ ಬರುವ ಮೊದಲು ಕಾಯಸ್ಥನ ಹಲಗೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇವೆ.